ಊರಿಗೆ ಬರಬೇಕಾದ ದುಡ್ಡು ಎಲ್ಲಿ ನಿಂತಿತು? ಮುಂಬೈ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಘಾಟಕೋಪರದಲ್ಲಿ ಮನೆ, ಕುಂದಾಪುರದಲ್ಲಿ ವಯಸ್ಸಾದ ಅಪ್ಪ-ಅಮ್ಮ. ಪುಣೆಯ ಸೈಟಿನಲ್ಲಿ ಸೆಂಟ್ರಿಂಗ್ ಕೆಲಸ, ಇಂಡಿ ತಾಲೂಕಿನಲ್ಲಿ ಎರಡೆಕರೆ ಒಣಭೂಮಿ. ವಾಸ್ಕೋದಲ್ಲಿ ಬಾಡಿಗೆ ಖೋಲಿ, ಮತದಾನಕ್ಕೆ ಊರು. ಹೀಗೆ ಎರಡು ಕಡೆ ಬದುಕು ಹಂಚಿಕೊಂಡವರಿಗೆ ಊರಿನ ನಲ್ಲಿ, ರಸ್ತೆ, ಕೂಲಿ, ಪಿಂಚಣಿ ನಿಂತುಹೋದ ಸುದ್ದಿ ಫೋನಿನಲ್ಲೇ ಬರುತ್ತದೆ. ಕಾರಣ ಕೇಳಿದರೆ ‘ಮೇಲಿನಿಂದ ದುಡ್ಡು ಬಂದಿಲ್ಲ’ ಎಂಬ ಒಂದೇ ಮಾತು. ಆ ‘ಮೇಲೆ’ ಅಂದರೆ ಯಾವ ಕಚೇರಿ, ಯಾವ ಹಂತ ಎಂದು ಹಿಡಿಯುವುದಕ್ಕೆ ಈ ಪುಟ.

ಬಜೆಟ್ ದಿನ ಹಣ ಹೆಚ್ಚಿಸಿದ್ದೇವೆ ಅಂದರು. ಆದರೆ ಊರಲ್ಲಿ ಕೆಲಸವೇ ನಡೆಯುತ್ತಿಲ್ಲ. ಇದು ಹೇಗೆ?

ಬಜೆಟ್ ದಿನ ಓದುವುದು ಅಂದಾಜನ್ನು ಮಾತ್ರ. ಅದೇ ವರ್ಷಕ್ಕೆ ಮುಂದೆ ಇನ್ನೆರಡು ಅಂಕಿಗಳು ಬರುತ್ತವೆ. ಮುಂದಿನ ಬಜೆಟ್ ಜತೆಗೆ ‘ಪರಿಷ್ಕೃತ ಅಂದಾಜು’, ಅದರ ಮರುವರ್ಷ ‘ಲೆಕ್ಕ’, ಅಂದರೆ ನಿಜವಾಗಿ ಖರ್ಚಾದದ್ದು. ಕಡಿತ ಆಗುವುದು ಹೆಚ್ಚಾಗಿ ಮೊದಲ ಅಂಕಿಯಿಂದ ಎರಡನೆಯದಕ್ಕೆ ಇಳಿಯುವಾಗ. ಅಷ್ಟು ಹೊತ್ತಿಗೆ ಪತ್ರಿಕೆಗಳ ಗಮನ ಹೊಸ ಬಜೆಟ್ ಮೇಲಿರುತ್ತದೆ.

ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಇದಕ್ಕೆ ತಕ್ಕ ಉದಾಹರಣೆ. 2024-25ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕಿಟ್ಟಿದ್ದು 70,163 ಕೋಟಿ ರೂಪಾಯಿ. ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿಯಿತು. ಮೂರು ಪಾಲಿನಲ್ಲಿ ಎರಡು ಪಾಲು ಹೋದಂತೆ. ಅದೇ ಹೊತ್ತಿಗೆ 2025-26ಕ್ಕೆ 67,000 ಕೋಟಿ ಎಂದು ಘೋಷಣೆಯಾಯಿತು, ಮಿಷನ್ನಿನ ಅವಧಿ 2028ರವರೆಗೆ ಮುಂದೆ ಹೋಯಿತು. ಸುದ್ದಿಯಾದದ್ದು ಈ ಹೊಸ ಅಂಕಿ. ಊರಿನಲ್ಲಿ ಪೈಪ್ ಹೂತು, ಟ್ಯಾಂಕ್ ಕಟ್ಟಿ, ಮೋಟರ್ ಕೂರಿಸದೆ ಗುತ್ತಿಗೆದಾರ ಹೋಗಿದ್ದರೆ ಹಳೆಯ ವರ್ಷದ ಬಿಲ್ಲು ಬಾಕಿ ಇರಬಹುದೇ ಎಂದು ಮೊದಲು ವಿಚಾರಿಸಿ. ಆ ಟ್ಯಾಂಕಿನಲ್ಲಿ ನೀರಿಲ್ಲದ ಒಂದೊಂದು ಬೇಸಿಗೆಯೂ ಹೆಂಗಸರ ತಲೆಯ ಮೇಲಿನ ಕೊಡದಲ್ಲೇ ಕಳೆಯುತ್ತದೆ.

ರಾಜ್ಯದ ಬಜೆಟ್ ಪುಸ್ತಕದಲ್ಲಿ ಇದನ್ನು ನೋಡಲು ಭಾಷಣ ಬಿಟ್ಟು ‘ಬೇಡಿಕೆಗಳ ವಿವರ’ ಎಂಬ ಸಂಪುಟ ತೆರೆಯಿರಿ. ಬೇಡಿಕೆ ಅಂದರೆ ಪ್ರತಿ ಇಲಾಖೆಗೆ ಇಷ್ಟು ಹಣ ಬೇಕೆಂದು ಸದನದ ಮುಂದಿಡುವುದು. ಗ್ರಾಮೀಣಾಭಿವೃದ್ಧಿಗೆ ಸಂಬಂಧಿಸಿದ ಪ್ರಧಾನ ಶೀರ್ಷಿಕೆಗಳು, ಅಂದರೆ ಲೆಕ್ಕದ ಮುಖ್ಯ ವಿಭಾಗದ ಸಂಖ್ಯೆಗಳು, 2501, 2505 ಮತ್ತು 2515. ಕಟ್ಟಡ, ರಸ್ತೆಯಂಥ ಬಂಡವಾಳ ವೆಚ್ಚಕ್ಕೆ 4515. ಈ ಸಂಖ್ಯೆಗಳು ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರರಲ್ಲೂ ಒಂದೇ. ಒಂದು ಸಾಲಿನಲ್ಲಿ ಹಿಂದಿನ ಲೆಕ್ಕ, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಪಕ್ಕಪಕ್ಕದಲ್ಲೇ ಇರುತ್ತವೆ. ಎರಡನೆಯ ಮತ್ತು ಮೂರನೆಯ ಕಾಲಮ್ ಹೋಲಿಸಿದರೆ ಕಡಿತ ಕಣ್ಣಿಗೆ ಬೀಳುತ್ತದೆ.

ಕಳೆದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ ಇಟ್ಟಿದ್ದಾರೆ. ಇದನ್ನು ಕಡಿತ ಅನ್ನಬಹುದೇ?

ಅನ್ನಬಹುದು. ಉದ್ಯೋಗ ಖಾತರಿಗೆ 2024-25ರಲ್ಲೂ 2025-26ರಲ್ಲೂ ಕೇಂದ್ರ ಇಟ್ಟಿದ್ದು 86,000 ಕೋಟಿಯೇ. ಆದರೆ ಕರ್ನಾಟಕದ ದಿನಗೂಲಿ 349ರಿಂದ 370 ರೂಪಾಯಿಗೆ ಏರಿತು. ಕೂಲಿಗೆಂದು ಒಂದು ಲಕ್ಷ ರೂಪಾಯಿ ಇದ್ದರೆ ಹಳೆಯ ದರದಲ್ಲಿ 286 ಆಳಿನ ಕೆಲಸ, ಹೊಸ ದರದಲ್ಲಿ 270. ಕೂಲಿ ಏರಿದ್ದು ನ್ಯಾಯವೇ. ಅದಕ್ಕೆ ತಕ್ಕಂತೆ ಒಟ್ಟು ಮೊತ್ತ ಏರದಿದ್ದರೆ ಪ್ರತಿ ಲಕ್ಷಕ್ಕೆ 16 ಆಳಿನ ಕೆಲಸ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಹಿಂದಿನ ವರ್ಷದ ಬಾಕಿಯೂ ಹೊಸ ವರ್ಷದ ಹಣದಿಂದಲೇ ಹೋಗುವುದರಿಂದ ಕೈಗೆ ಉಳಿಯುವುದು ಇನ್ನೂ ಕಡಿಮೆ.

ವೃದ್ಧಾಪ್ಯ ಪಿಂಚಣಿಯದು ಇನ್ನೂ ನೋವಿನ ಕಥೆ. 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2007ರಿಂದ ಅದು ಒಂದು ರೂಪಾಯಿಯೂ ಏರಿಲ್ಲ. ಉಳಿದದ್ದನ್ನೆಲ್ಲ ರಾಜ್ಯಗಳೇ ಸೇರಿಸಿ ಕೊಡುತ್ತಿವೆ. ಅಂಗನವಾಡಿ ಕಾರ್ಯಕರ್ತೆಯ ಗೌರವಧನದಲ್ಲಿ ಕೇಂದ್ರದ ಪಾಲು 4,500 ರೂಪಾಯಿ ಎಂದು ನಿಗದಿಯಾದದ್ದು 2018ರ ಅಕ್ಟೋಬರ್‌ನಲ್ಲಿ.

ಹಣ ಮಂಜೂರಾಗಿದೆ, ಆದೇಶವೂ ಇದೆ. ಹಾಗಿದ್ದರೂ ಖಾತೆಗೆ ಏಕೆ ಬರುವುದಿಲ್ಲ?

ಮಂಜೂರಾತಿ ಬೇರೆ, ಬಿಡುಗಡೆ ಬೇರೆ. ಕೇಂದ್ರ ಮತ್ತು ರಾಜ್ಯ ಪಾಲು ಹಾಕಿ ನಡೆಸುವ ಯೋಜನೆಗಳಿಗೆ 2021ರ ಜುಲೈಯಿಂದ ಹೊಸ ಪದ್ಧತಿ ಬಂತು. ಒಂದು ಯೋಜನೆಗೆ ರಾಜ್ಯದಲ್ಲಿ ಒಂದೇ ನೋಡಲ್ ಖಾತೆ, ಅಂದರೆ ಆ ಯೋಜನೆಯ ಹಣವೆಲ್ಲ ಸೇರುವ ಬ್ಯಾಂಕ್ ಖಾತೆ. ಆ ಪದ್ಧತಿಯಲ್ಲಿ ಕೇಂದ್ರ ತನ್ನ ಪಾಲನ್ನು ಒಂದು ಸಲಕ್ಕೆ ಶೇ. 25ಕ್ಕಿಂತ ಹೆಚ್ಚು ಬಿಡುವುದಿಲ್ಲ. ಮುಂದಿನ ಕಂತು ಬರಬೇಕಾದರೆ ರಾಜ್ಯ ತನ್ನ ಪಾಲನ್ನು ಆ ಖಾತೆಗೆ ಹಾಕಿರಬೇಕು, ಬಂದ ಹಣದಲ್ಲಿ ಶೇ. 75ರಷ್ಟು ಖರ್ಚಾಗಿರಬೇಕು, ಹಣ ಬಳಕೆ ಪ್ರಮಾಣಪತ್ರ ಹೋಗಿರಬೇಕು.

ಹಣ ಸಿಕ್ಕಿಹಾಕಿಕೊಳ್ಳುವುದು ಈ ಷರತ್ತುಗಳ ನಡುವೆ. ರಾಜ್ಯದ ಖಜಾನೆ ಬಿಗಿಯಾಗಿದ್ದರೆ ರಾಜ್ಯದ ಪಾಲು ತಡವಾಗುತ್ತದೆ, ಅದು ತಡವಾದರೆ ಕೇಂದ್ರದ ಮುಂದಿನ ಕಂತು ನಿಲ್ಲುತ್ತದೆ. ಬೇರೆ ನಾಲ್ಕು ಜಿಲ್ಲೆಗಳು ಖರ್ಚು ಮಾಡದೆ ಕೂತಿದ್ದರೂ ರಾಜ್ಯದ ಒಟ್ಟು ಖರ್ಚು ಶೇ. 75 ಮುಟ್ಟುವುದಿಲ್ಲ. ಆಗ ಚೆನ್ನಾಗಿ ಕೆಲಸ ಮಾಡಿದ ತಾಲೂಕಿಗೂ ಹಣ ಬರುವುದಿಲ್ಲ. ವರ್ಷದ ಕೊನೆಗೆ ‘ಖರ್ಚಾಗಿಲ್ಲ’ ಎಂಬ ಕಾರಣಕ್ಕೆ ಪರಿಷ್ಕೃತ ಅಂದಾಜು ಇಳಿಯುತ್ತದೆ. ಖರ್ಚಾಗದ್ದು ಹಣ ತಡವಾಗಿ ಬಂದದ್ದರಿಂದ ಎಂಬುದನ್ನು ಆ ಸಾಲು ಹೇಳುವುದಿಲ್ಲ.

ಹಾಗಾಗಿ ಕಚೇರಿಯಲ್ಲಿ ‘ದುಡ್ಡು ಬಂದಿಲ್ಲ’ ಅಂದರೆ ಮೂರು ಮಾತು ಕೇಳಿ: ಕೇಂದ್ರದ ಎಷ್ಟನೆಯ ಕಂತು ಬಂದಿದೆ, ರಾಜ್ಯದ ಪಾಲು ಯಾವ ದಿನ ಸೇರಿದೆ, ಬಳಕೆ ಪ್ರಮಾಣಪತ್ರ ಯಾವ ದಿನ ಹೋಗಿದೆ. ಉತ್ತರ ಸಿಗದ ಜಾಗದಲ್ಲೇ ಹಣ ನಿಂತಿರುತ್ತದೆ.

‘ಕಡಿತ ಸೂಚನೆ’ ಎಂದು ಸಂಸತ್ತಿನ ಸುದ್ದಿಯಲ್ಲಿ ಬರುತ್ತದಲ್ಲ, ಅದೂ ಇದೇ ತಾನೆ?

ಅಲ್ಲ. ಅದು ಸದಸ್ಯರು ಬೇಡಿಕೆಯ ಮೇಲೆ ಮಂಡಿಸುವ ಆಕ್ಷೇಪ. ನೀತಿಯನ್ನೇ ಒಪ್ಪದಿದ್ದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನುತ್ತಾರೆ, ಒಂದು ಕುಂದುಕೊರತೆ ಎತ್ತಬೇಕಿದ್ದರೆ 100 ರೂಪಾಯಿ ಕಡಿಮೆ ಮಾಡಿ ಎನ್ನುತ್ತಾರೆ. ನಿಮ್ಮೂರಿನ ವಿಷಯ ಸದನದಲ್ಲಿ ಬರಬೇಕಾದರೆ ಶಾಸಕರಿಗೆ ಚುಕ್ಕೆ ಗುರುತಿಲ್ಲದ ಪ್ರಶ್ನೆ ಬರೆದುಕೊಡುವುದು ಹೆಚ್ಚು ಉಪಯೋಗ. ಲಿಖಿತ ಉತ್ತರ ಸಿಗುತ್ತದೆ, ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ.

ಪುಣೆಯ ಕೆಲಸ ಮುಗಿಸಿ ಊರಿಗೆ ಹೋಗುತ್ತೇವೆ. ಉದ್ಯೋಗ ಖಾತರಿ ಕೆಲಸ ಸಿಗುತ್ತದೆಯೇ?

ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರು ಹೆಚ್ಚು ಕೇಳುವ ಪ್ರಶ್ನೆ ಇದು.

ಮೊದಲು ಕಾನೂನು. 2005ರ ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ತಂದಿತು. ಜನ ಅದನ್ನು ‘ವಿಬಿ-ಜಿ ರಾಮ್ ಜಿ’ ಎಂದು ಕರೆಯುತ್ತಾರೆ. ಅದರಲ್ಲಿ ಕೆಲಸದ ದಿನಗಳು ವರ್ಷಕ್ಕೆ 100ರಿಂದ 125ಕ್ಕೆ ಏರಿವೆ. ಆದರೆ ಹಣದ ರಚನೆಯೇ ಬದಲಾಗಿದೆ. ಹಳೆಯ ಕಾಯ್ದೆಯಲ್ಲಿ ಕೌಶಲವಿಲ್ಲದ ಕೂಲಿಯ ಪೂರ್ತಿ ಖರ್ಚು ಕೇಂದ್ರದ್ದು, ಸಾಮಗ್ರಿಯ ಶೇ. 75 ಕೇಂದ್ರದ್ದು. ಹೊಸದರಲ್ಲಿ ಕರ್ನಾಟಕ, ಮಹಾರಾಷ್ಟ್ರ, ಗೋವಾದಂಥ ರಾಜ್ಯಗಳಿಗೆ ಲೆಕ್ಕ 60:40. ಪ್ರತಿ ರಾಜ್ಯಕ್ಕೆ ಇಷ್ಟೇ ಎಂದು ಕೇಂದ್ರ ಮೊದಲೇ ಗೊತ್ತು ಮಾಡುತ್ತದೆ, ಅದಕ್ಕಿಂತ ಹೆಚ್ಚಾದ ಖರ್ಚು ರಾಜ್ಯದ ತಲೆಯ ಮೇಲೆ. ಬಿತ್ತನೆ, ಕೊಯ್ಲಿನ ಹೊತ್ತಿಗೆ ವರ್ಷದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲೂ ಅವಕಾಶವಿದೆ. 125 ದಿನ ಎಂಬುದು ಕಾಗದದಲ್ಲಿ ಉಳಿಯುತ್ತದೋ ಕೈಗೆ ಬರುತ್ತದೋ ಎಂಬುದು ನಮ್ಮ ರಾಜ್ಯ ತನ್ನ ಶೇ. 40ನ್ನು ಬಜೆಟ್‌ನಲ್ಲಿ ಇಡುತ್ತದೆಯೇ ಎಂಬುದರ ಮೇಲಿದೆ. ಬಜೆಟ್ ನೋಡುವಾಗ ಆ ಸಾಲನ್ನೇ ಹುಡುಕಿ. ಕೋವಿಡ್ ವರ್ಷ 2020-21ರಲ್ಲಿ ಊರಿಗೆ ಮರಳಿದವರು ಕೆಲಸ ಕೇಳಿದಾಗ ಕೇಂದ್ರದ ಖರ್ಚು 1,11,000 ಕೋಟಿ ದಾಟಿತ್ತು. ಕೇಳಿದಷ್ಟು ಹಣ ಬರುವ ದಾರಿ ಕಾಯ್ದೆಯಲ್ಲೇ ಇದ್ದುದರಿಂದ ಅದು ಸಾಧ್ಯವಾಯಿತು.

ಈಗ ಮಾಡಬೇಕಾದ್ದು. ಹೊರಡುವ ಮುಂಚೆ ಜಾಬ್ ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ದುಡಿಯಲು ಹೊರಗೆ ಹೋದವರ ಕಾರ್ಡನ್ನು ‘ಕುಟುಂಬ ಕಾಯಂ ವಲಸೆ ಹೋಗಿದೆ’ ಅಥವಾ ‘ಕೆಲಸಕ್ಕೆ ಇಷ್ಟವಿಲ್ಲ’ ಎಂದು ಬರೆದು ತೆಗೆದುಹಾಕುವುದುಂಟು. ಊರಲ್ಲಿ ಮನೆ, ರೇಷನ್ ಕಾರ್ಡ್, ಮತ ಇದ್ದು ಹಂಗಾಮಿಗೆ ಬಂದು ಹೋಗುವವರು ಕಾಯಂ ವಲಸಿಗರಲ್ಲ, ಅದನ್ನು ಬರವಣಿಗೆಯಲ್ಲೇ ತಿಳಿಸಿ. 2024ರ ಜನವರಿ 1ರಿಂದ ಆಧಾರ್ ಆಧಾರಿತ ಪಾವತಿ ಕಡ್ಡಾಯವಾಗಿರುವುದರಿಂದ ಕಾರ್ಡಿನ ಹೆಸರು, ಆಧಾರ್‌ನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರಬೇಕು. ಪುಣೆಯಲ್ಲಿ ಹೊಸ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದರೆ ಊರಿನ ಕೂಲಿ ಹೊಸ ಖಾತೆಗೇ ಬೀಳುತ್ತದೆ. ಕೂಲಿ ಬಂದೇ ಇಲ್ಲ ಎಂದು ಗಾಬರಿಯಾಗುವವರು ಮೊದಲು ಇದನ್ನು ನೋಡಿಕೊಳ್ಳಿ.

ಕೆಲಸವನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಹಳೆಯ ಕಾಯ್ದೆಯಡಿ ಅದಕ್ಕೆ ನಮೂನೆ 6 ಎಂಬ ಅರ್ಜಿ. ಕೊಟ್ಟ ಮೇಲೆ ದಿನಾಂಕವಿರುವ ಸ್ವೀಕೃತಿ ತೆಗೆದುಕೊಳ್ಳಲೇಬೇಕು. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಅದನ್ನು ರಾಜ್ಯವೇ ಭರಿಸಬೇಕು. ಸ್ವೀಕೃತಿ ಕೊಡಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಹೊಸ ಕಾಯ್ದೆಯಲ್ಲೂ ಈ ಭತ್ಯೆ ಉಳಿದಿದೆ. ಹಣ ಕಡಿಮೆಯಾದಾಗ ಮೊದಲು ಮಾಯವಾಗುವುದು ಈ ಅರ್ಜಿಗಳು. ಕೆಲಸ ಕೇಳಿದವರು ದಾಖಲೆಯಲ್ಲಿಲ್ಲದಿದ್ದರೆ ‘ಬೇಡಿಕೆಯೇ ಇಲ್ಲ’ ಎಂದು ಮುಂದಿನ ವರ್ಷದ ಮೊತ್ತವನ್ನೂ ಇಳಿಸುತ್ತಾರೆ.

ಕೂಲಿ ತಡವಾದರೆ ಹಳೆಯ ಕಾಯ್ದೆಯಡಿ 16ನೆಯ ದಿನದಿಂದ ದಿನಕ್ಕೆ ಶೇ. 0.05 ಪರಿಹಾರ. ಆರು ದಿನದ 2,220 ರೂಪಾಯಿಗೆ ದಿನಕ್ಕೆ 1 ರೂಪಾಯಿ 11 ಪೈಸೆ. ಮೊತ್ತ ಸಣ್ಣದು. ಆದರೂ ಬಿಡಬೇಡಿ, ತಡ ಯಾರ ಮೇಜಿನಲ್ಲಾಯಿತು ಎಂಬುದು ಆ ಲೆಕ್ಕದಿಂದ ಹೊರಬೀಳುತ್ತದೆ.

ಮುಂಬೈಯಲ್ಲಿ ಸಂಬಳದಿಂದ ವೃತ್ತಿ ತೆರಿಗೆ ಮುರಿಯುತ್ತಾರೆ. ಅದಕ್ಕೂ ಹಳ್ಳಿಗೂ ಏನಾದರೂ ಸಂಬಂಧ ಇದೆಯೇ?

ಇದೆ, ಮತ್ತು ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ತಿಂಗಳಿಗೆ 200, ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500 ರೂಪಾಯಿ. ಮಹಾರಾಷ್ಟ್ರ ಈ ತೆರಿಗೆಯನ್ನು 1975ರಲ್ಲಿ ಹಾಕಿದ್ದೇ ಉದ್ಯೋಗ ಖಾತರಿಗೆ ಹಣ ಕೂಡಿಸಲು. 1972ರ ಭೀಕರ ಬರದಲ್ಲಿ ಜನರಿಗೆ ಕೆಲಸ ಕೊಟ್ಟ ಅನುಭವದಿಂದ ಯೋಜನೆ ಬೆಳೆಯಿತು. ಅದರ ಹಿಂದಿದ್ದ ವಿ. ಸ. ಪಾಗೆ ಅವರು ಮೊದಲ ಪ್ರಯೋಗ ನಡೆಸಿದ್ದು ಸಾಂಗ್ಲಿ ಜಿಲ್ಲೆಯ ವಿಸಾಪುರದಲ್ಲಿ, ನಮ್ಮ ಕನ್ನಡದ ಜತ್ತ ತಾಲೂಕು ಇರುವ ಜಿಲ್ಲೆಯಲ್ಲೇ. 1979ರ ಜನವರಿ 26ರಿಂದ ಅದು ಕಾನೂನಾಯಿತು. ನಗರದ ಸಂಬಳದಾರ ಕೊಟ್ಟಷ್ಟೇ ಹಣವನ್ನು ಸರ್ಕಾರವೂ ಸೇರಿಸಬೇಕೆಂಬುದು ಆಗಿನ ಏರ್ಪಾಡು. ದೇಶಕ್ಕೆ ಉದ್ಯೋಗ ಖಾತರಿ ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ, 2006ರಲ್ಲಿ. ಆದ್ದರಿಂದ ಅಂಧೇರಿಯ ಆಫೀಸಿನಲ್ಲಿ ಕುಳಿತವರಿಗೂ ಹಳ್ಳಿಯ ಕೂಲಿ ಹಣದ ಲೆಕ್ಕ ಕೇಳುವ ಪೂರ್ಣ ಅಧಿಕಾರವಿದೆ.

ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ಊರುಗಳಿಗೆ ಹಣಕಾಸು ಆಯೋಗದ ಅನುದಾನ ಏಕೆ ತಡವಾಗುತ್ತದೆ?

ಕೇಂದ್ರದ ಹಣ ಹೇಗೆ ಹಂಚಬೇಕೆಂದು ಹೇಳುವುದು ಹಣಕಾಸು ಆಯೋಗ. 15ನೆಯ ಆಯೋಗ 2021ರಿಂದ 2026ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದು 2,36,805 ಕೋಟಿ. ಅದರಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿದ ಹಣ, ಶೇ. 40 ಪಂಚಾಯಿತಿಯ ಇಷ್ಟದ ಕೆಲಸಕ್ಕೆ, ಆದರೆ ಸಂಬಳಕ್ಕಲ್ಲ. ಎರಡು ಷರತ್ತು: ಚುನಾಯಿತ ಮಂಡಳಿ ಇರಬೇಕು, ಲೆಕ್ಕಪರಿಶೋಧನೆಯಾದ ಲೆಕ್ಕ ಆನ್‌ಲೈನಿನಲ್ಲಿರಬೇಕು. ಮಹಾರಾಷ್ಟ್ರದಲ್ಲಿ 2022ರ ಮಾರ್ಚ್‌ನಿಂದ ಬಹಳಷ್ಟು ಜಿಲ್ಹಾ ಪರಿಷತ್ತು, ಪಂಚಾಯತ್ ಸಮಿತಿಗಳು ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿದ್ದವು. ಕರ್ನಾಟಕದ ತಾಲೂಕು, ಜಿಲ್ಲಾ ಪಂಚಾಯಿತಿಗಳಿಗೂ 2021ರಿಂದ ಅದೇ ಸ್ಥಿತಿ. ಚುನಾವಣೆ ಮುಂದೂಡಿದ್ದಕ್ಕೂ ಊರಿನ ಚರಂಡಿಗೂ ಸಂಬಂಧ ಬರುವುದು ಇಲ್ಲಿ. ಗ್ರಾಮ ಪಂಚಾಯಿತಿಗೆ ಚುನಾಯಿತ ಮಂಡಳಿ ಇದ್ದೂ ಹಣ ಬಂದಿಲ್ಲವಾದರೆ ಲೆಕ್ಕ ಅಪ್‌ಲೋಡ್ ಆಗಿದೆಯೇ ಎಂದು ನೋಡಿ. ಅಲ್ಲಿ ತಪ್ಪಿರುವುದು ಗ್ರಾಮಸೇವಕರ ಕಡತದಲ್ಲಿ, ದಿಲ್ಲಿಯಲ್ಲಲ್ಲ.

ಲಾಡಕಿ ಬಹಿಣ್, ಗ್ಯಾರಂಟಿ ಯೋಜನೆಗಳಿಂದಲೇ ರಸ್ತೆ, ನೀರಿಗೆ ದುಡ್ಡಿಲ್ಲ ಅನ್ನುತ್ತಾರೆ. ನಿಜವೇ?

ಭಾರ ದೊಡ್ಡದೇ. ಮಹಾರಾಷ್ಟ್ರ 2025-26ರಲ್ಲಿ ಲಾಡಕಿ ಬಹಿಣ್‌ಗೆ, ಅಂದರೆ ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ ಕೊಡುವ ಯೋಜನೆಗೆ, 36,000 ಕೋಟಿ ಇಟ್ಟಿತು, ಕರ್ನಾಟಕ ಐದು ಗ್ಯಾರಂಟಿಗಳಿಗೆ 51,034 ಕೋಟಿ. 2025ರಲ್ಲಿ ಮಹಾರಾಷ್ಟ್ರದ ಸಾಮಾಜಿಕ ನ್ಯಾಯ ಮತ್ತು ಬುಡಕಟ್ಟು ಇಲಾಖೆಗಳ ಹಣ ಲಾಡಕಿ ಬಹಿಣ್‌ಗೆ ಹೋದದ್ದು ಬಹಿರಂಗ ಚರ್ಚೆಯಾಯಿತು. ಆದರೆ ‘ಹೆಂಗಸರಿಗೆ ಕೊಟ್ಟು ರಸ್ತೆ ಹಾಳಾಯಿತು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ತಪ್ಪು. ಆ 1,500 ರೂಪಾಯಿಯಿಂದ ಮಕ್ಕಳ ಹಾಲು, ಔಷಧ ನಡೆಯುವ ಮನೆಗಳಿವೆ. ಕೇಳಬೇಕಾದ್ದು ಯಾವ ಶೀರ್ಷಿಕೆಯಿಂದ ಎಷ್ಟು ತೆಗೆದರು, ಆ ಶೀರ್ಷಿಕೆಯ ಫಲಾನುಭವಿಗಳು ಯಾರು ಎಂದು. ಪರಿಶಿಷ್ಟರ ಹಾಸ್ಟೆಲಿನ ಹಣ ಬೇರೆಡೆಗೆ ಹೋದರೆ ಅದು ಬಡವರಿಂದ ಕಿತ್ತು ಬಡವರಿಗೇ ಕೊಟ್ಟಂತೆ.

ಸಂಸದರ ನಿಧಿಯಿಂದ ಕೆಲಸ ಮಾಡಿಸಬಹುದಲ್ಲ?

ವರ್ಷಕ್ಕೆ 5 ಕೋಟಿ. ಒಂದು ಲೋಕಸಭಾ ಕ್ಷೇತ್ರದ ಎಲ್ಲ ಹಳ್ಳಿಗೂ ಅಷ್ಟೇ. 2020ರ ಏಪ್ರಿಲ್‌ನಲ್ಲಿ ಎರಡು ವರ್ಷಕ್ಕೆ ಇದನ್ನು ನಿಲ್ಲಿಸಲಾಗಿತ್ತು, 2021ರ ನವೆಂಬರ್‌ನಲ್ಲಿ ಉಳಿದ ಅವಧಿಗೆ ತಲಾ 2 ಕೋಟಿಯಂತೆ ಮತ್ತೆ ಶುರುವಾಯಿತು. ಬಸ್ ತಂಗುದಾಣ, ಶಾಲಾ ಕೊಠಡಿಗೆ ಕೇಳಿ. ನಿಂತುಹೋದ ಕುಡಿಯುವ ನೀರಿನ ಯೋಜನೆ ಇದರಿಂದ ಮುಗಿಯುವುದಿಲ್ಲ.

ಕಟ್ಟಡ ಕಾರ್ಮಿಕ ಮಂಡಳಿಯಲ್ಲೂ ‘ಬಜೆಟ್ ಇಲ್ಲ’ ಎಂದರು. ಏನು ಮಾಡಬೇಕು?

ಆ ಮಾತನ್ನು ಒಪ್ಪಬೇಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿ ಬರುವುದು ಕಟ್ಟಡದ ವೆಚ್ಚದ ಮೇಲೆ ವಸೂಲಿಯಾಗುವ ಶೇ. 1ರ ಸೆಸ್‌ನಿಂದ. ಅದು ಕಾರ್ಮಿಕರಿಗೆಂದೇ ಕೂಡಿದ ಹಣ. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ ಇದ್ದರೆ ನೋಂದಣಿ ಮಾಡಿಸಬಹುದು. ಊರು ಯಾವ ರಾಜ್ಯದ್ದೆಂಬುದು ಅಡ್ಡಿಯಲ್ಲ. ಅರ್ಜಿ ತಿರಸ್ಕಾರವಾದರೆ ಕಾರಣ ಬರೆದು ಕೊಡಿ ಎಂದು ಕೇಳಿ. ಹೆಚ್ಚಿನ ಸಲ ತೊಡಕಾಗುವುದು ನವೀಕರಣ ತಪ್ಪಿರುವುದು ಅಥವಾ ಪ್ರಮಾಣಪತ್ರದ ಮೇಲೆ ಸರಿಯಾದ ಸಹಿ ಇಲ್ಲದಿರುವುದು.

ಗೋವಾದಲ್ಲಿ ಇರುವವರಿಗೆ ಯಾವ ಸರ್ಕಾರದ ಯೋಜನೆ?

ಮನೆ ಎಲ್ಲಿದೆ ಎಂದು ಮೊದಲು ನೋಡಿ. ಝುವಾರಿನಗರ ಸಾಂಕವಾಳ ಗ್ರಾಮ ಪಂಚಾಯಿತಿಗೆ ಸೇರುತ್ತದೆ, ಬೈನಾ ಮುರ್ಗಾಂವ ನಗರಸಭೆಗೆ. ಒಂದಕ್ಕೆ ಗ್ರಾಮಸಭೆ ಇದೆ, ಇನ್ನೊಂದಕ್ಕಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಗ್ರಾಮಸಭೆಯಲ್ಲಿ ಹಕ್ಕು. ಗೋವಾ ಸರ್ಕಾರದ ಗೃಹ ಆಧಾರ್ (ಗೃಹಿಣಿಯರಿಗೆ ತಿಂಗಳ ನೆರವು), ದಯಾನಂದ ಸಾಮಾಜಿಕ ಭದ್ರತಾ (ಪಿಂಚಣಿ) ಯೋಜನೆಗಳಿಗೆ 15 ವರ್ಷದ ವಾಸದ ದಾಖಲೆ ಬೇಕು. ಬಾಡಿಗೆ ಖೋಲಿಯಲ್ಲಿ ಇಪ್ಪತ್ತು ವರ್ಷ ಇದ್ದರೂ ಕಾಗದವಿಲ್ಲದೆ ಸೋತವರು ಇದ್ದಾರೆ. ಮಕ್ಕಳ ಶಾಲಾ ದಾಖಲೆ, ವಿದ್ಯುತ್ ಬಿಲ್ಲು, ಹಳೆಯ ರೇಷನ್ ಕಾರ್ಡ್ ಯಾವುದನ್ನೂ ಎಸೆಯಬೇಡಿ.

ಇಲ್ಲಿಂದಲೇ ಊರಿನ ಲೆಕ್ಕ ತೆಗೆಯುವುದು ಹೇಗೆ?

ಇ-ಗ್ರಾಮ್ ಸ್ವರಾಜ್ ಜಾಲತಾಣ ಅಥವಾ ಮೇರಿ ಪಂಚಾಯತ್ ಆ್ಯಪ್‌ನಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯಿತಿ ಆರಿಸಿದರೆ ಆ ವರ್ಷದ ಕ್ರಿಯಾ ಯೋಜನೆ ಮತ್ತು ಹಣಕಾಸು ಆಯೋಗದ ಹಣದ ಜಮಾ-ಖರ್ಚು ಕಾಣುತ್ತದೆ. ಯೋಜನೆಯಲ್ಲಿ ಕೆಲಸದ ಹೆಸರಿದ್ದು ಖರ್ಚಿನಲ್ಲಿ ಇಲ್ಲದಿದ್ದರೆ ಕೆಲಸ ಶುರುವಾಗಿಲ್ಲ ಅಥವಾ ಬಿಲ್ಲು ಬಾಕಿ. ಖರ್ಚಿನಲ್ಲಿದ್ದು ಊರಲ್ಲಿ ಕೆಲಸ ಕಾಣದಿದ್ದರೆ ಅದು ಕಡಿತವಲ್ಲ, ಕಳವು.

ಅಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು. ಮುಂಬೈಯಲ್ಲಿ ಕೂತು ಕರ್ನಾಟಕದ ಪಂಚಾಯಿತಿಗೆ ಅರ್ಜಿ ಹಾಕಲು ಯಾವ ನಾಗರಿಕನಿಗೂ ಅಡ್ಡಿಯಿಲ್ಲ. ಶುಲ್ಕ 10 ರೂಪಾಯಿ. ಅಂಚೆಯಲ್ಲಿ ಕಳಿಸುವುದಾದರೆ ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟ್ ಮಾಡಿ. ಮಹಾರಾಷ್ಟ್ರದ ಕಚೇರಿಗೆ ಖುದ್ದಾಗಿ ಕೊಟ್ಟರೆ ಕೋರ್ಟ್ ಫೀ ಸ್ಟಾಂಪ್ ಅಂಟಿಸಬಹುದು. ಎರಡೂ ರಾಜ್ಯಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಕೆಲಸ ಏಕೆ ನಿಂತಿದೆ?’ ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಕಳಿಸುತ್ತಾರೆ. ದಾಖಲೆ ಕೇಳಿ, ಹೀಗೆ:

‘2025-26ರಲ್ಲಿ ಸದರಿ ಯೋಜನೆಗೆ ಪಂಚಾಯಿತಿಗೆ ಜಮೆಯಾದ ಪ್ರತಿ ಕಂತಿನ ದಿನಾಂಕ ಮತ್ತು ಮೊತ್ತ. ಮಾರ್ಚ್ 31ಕ್ಕೆ ಉಳಿದ ಶಿಲ್ಕು. ಬಾಕಿ ಇರುವ ಬಿಲ್ಲುಗಳ ಪಟ್ಟಿ, ಬಿಲ್ಲಿನ ದಿನಾಂಕ ಸಹಿತ. ಹಣ ಬಿಡುಗಡೆ ಕೋರಿ ಮೇಲಿನ ಕಚೇರಿಗೆ ಬರೆದ ಪತ್ರಗಳ ಪ್ರತಿ. ಸಲ್ಲಿಸಿದ ಬಳಕೆ ಪ್ರಮಾಣಪತ್ರದ ಪ್ರತಿ.’

ಪತ್ರಗಳ ಪ್ರತಿ ಕೇಳುವುದನ್ನು ಬಿಡಬೇಡಿ. ಕೆಳಗಿನವರು ಹಣವನ್ನೇ ಕೇಳದೆ ‘ಮೇಲಿನಿಂದ ಬಂದಿಲ್ಲ’ ಎನ್ನುತ್ತಿದ್ದರೆ ಅಲ್ಲಿ ಬಯಲಾಗುತ್ತದೆ. ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ನಮ್ಮ ಸಂಘದಿಂದಲೇ ಹಣ ಕೂಡಿಸಿ ಊರ ಶಾಲೆಯ ಕೊಠಡಿ ಕಟ್ಟಿಸಿಬಿಡೋಣವೇ?

ಮುಂಬೈ, ಪುಣೆಯ ಕನ್ನಡ ಸಂಘಗಳಲ್ಲಿ ಇಂಥ ಒಳ್ಳೆಯ ಮನಸ್ಸಿಗೆ ಕೊರತೆಯಿಲ್ಲ. ಆದರೆ ಚೆಕ್ಕು ಬರೆಯುವ ಮುಂಚೆ ಇದೇ ಕೆಲಸ ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಇಲ್ಲ, ಬೇರೆ ಯಾವ ಅನುದಾನವೂ ಮಂಜೂರಾಗಿಲ್ಲ ಎಂದು ಪಂಚಾಯಿತಿ ಮತ್ತು ಶಿಕ್ಷಣ ಇಲಾಖೆಯಿಂದ ಪತ್ರ ತೆಗೆದುಕೊಳ್ಳಿ. ಇಲ್ಲದಿದ್ದರೆ ನೀವು ಕಟ್ಟಿಸಿದ ಗೋಡೆಗೆ ಸರ್ಕಾರಿ ಬಿಲ್ಲೂ ಆಗಿಬಿಡಬಹುದು. ಅಂದಾಜು ಪಟ್ಟಿಯನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಇಂಜಿನಿಯರರಿಂದ ಮಾಡಿಸಿ. ಕರ್ನಾಟಕದಲ್ಲಾದರೆ ಹಣವನ್ನು ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಕಂತಿನಲ್ಲಿ ಕೊಡಿ: ಅಡಿಪಾಯ, ಲಿಂಟಲ್, ಸ್ಲ್ಯಾಬ್ ಮುಗಿದಂತೆ, ಫೋಟೊ ಮತ್ತು ಅಳತೆ ನೋಡಿ. ವ್ಯಕ್ತಿಯ ಖಾತೆಗೆ ಬೇಡ.

ಒಮ್ಮೆ ಮುಗಿಯುವ ಕೆಲಸಕ್ಕೆ ಮಾತ್ರ ಕೊಡಿ. ಶಿಕ್ಷಕರ ಸಂಬಳ, ನೀರುಗಂಟಿಯ ಕೂಲಿ, ಬಿಸಿಯೂಟದ ತರಕಾರಿ ಇವೆಲ್ಲ ಪ್ರತಿ ತಿಂಗಳ ಖರ್ಚು, ಸರ್ಕಾರದ ಹೊಣೆ. ಅದನ್ನು ಸಂಘ ಹೊತ್ತುಕೊಂಡರೆ ಮುಂದಿನ ಬಜೆಟ್‌ನಲ್ಲಿ ‘ಅಗತ್ಯವಿಲ್ಲ’ ಎಂದು ಸಾಲೇ ಅಳಿದುಹೋಗಬಹುದು. ಸಂಘ ಎರಡು ವರ್ಷಕ್ಕೆ ದಣಿದಾಗ ಊರಿಗೆ ಎರಡೂ ಇರುವುದಿಲ್ಲ.

ಊರಲ್ಲಿ ಬೀಗ ಹಾಕಿದ ಮನೆಗೂ ಮನೆ ಕಂದಾಯ ಕಟ್ಟಬೇಕೇ?

ಕಟ್ಟಬೇಕು, ದಯವಿಟ್ಟು ಕಟ್ಟಿ. ಅನುದಾನ ಕಡಿಮೆಯಾದಾಗ ಬೀದಿದೀಪ, ಪಂಪಿನ ಕರೆಂಟ್ ಬಿಲ್ಲು, ನೀರುಗಂಟಿಯ ಸಂಬಳಕ್ಕೆ ಪಂಚಾಯಿತಿಗೆ ಆಸರೆ ಸ್ವಂತ ತೆರಿಗೆಯೇ. ಕರಾವಳಿಯ ಎಷ್ಟೋ ಊರುಗಳಲ್ಲಿ ಮುಂಬೈ ಮಂದಿಯ ಬೀಗ ಹಾಕಿದ ಮನೆಗಳೇ ಸಾಲುಸಾಲಾಗಿವೆ. ಕರ್ನಾಟಕದಲ್ಲಿ ಬಾಪೂಜಿ ಸೇವಾ ಕೇಂದ್ರದ ಜಾಲತಾಣದಿಂದ ಇಲ್ಲಿಂದಲೇ ಕಟ್ಟಬಹುದು, ರಸೀದಿ ಇಟ್ಟುಕೊಳ್ಳಿ.

ಯಾವ ತಿಂಗಳಲ್ಲಿ ಕೇಳಿದರೆ ಪ್ರಯೋಜನ?

ಅಕ್ಟೋಬರ್ 2ರಿಂದ ಪಂಚಾಯಿತಿಗಳ ಮುಂದಿನ ವರ್ಷದ ಯೋಜನೆ ತಯಾರಿ ಶುರುವಾಗುತ್ತದೆ. ದೀಪಾವಳಿಗೆ ಊರಿಗೆ ಹೋಗುವವರು ಅದೇ ರಜೆಯಲ್ಲಿ ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಕೆಲಸದ ಹೆಸರು ಬರೆಸಿ. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿಯೇ ಎದ್ದು ಬನ್ನಿ. ಡಿಸೆಂಬರ್, ಜನವರಿಯಲ್ಲಿ ಇಲಾಖೆಗಳು ಪರಿಷ್ಕೃತ ಅಂದಾಜು ಮಾಡುತ್ತವೆ. ಬಾಕಿ ಬಿಲ್ಲಿನ ಪಟ್ಟಿ ಶಾಸಕರಿಗೂ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೂ ತಲುಪಬೇಕಾದ್ದು ಆಗ. ಮಾರ್ಚ್ ಕೊನೆಯ ವಾರದಲ್ಲಿ ಓಡಾಡಿದರೆ ಸಿಗುವುದು ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ. ಏಪ್ರಿಲ್‌ನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅಷ್ಟರಲ್ಲಿ ಹಿಂದಿನ ವರ್ಷದ ಲೆಕ್ಕ ಮುಚ್ಚಿರುತ್ತದೆ. ಮಹಾರಾಷ್ಟ್ರದ ಊರಿನವರಾದರೆ ಮೇ 1ರ ಗ್ರಾಮಸಭೆಗೆ ಆ ಕಾಗದ ಕೈಯಲ್ಲಿ ಹಿಡಿದು ಹೋಗಿ.